ಪಾರದರ್ಶಕತೆ: ಪುಟ 34 ನೋಡಿ

ಮೆಡಿಕಲ್ ತೀಸಿಸ್‌ನಲ್ಲಿ ಎಲ್ಲರೂ ಓದುವ ಪುಟ ಒಂದೇ: ಕೃತಜ್ಞತೆಗಳು. ತಮ್ಮ ಹೆಸರಿನ ಹಿಂದೆ ವಿಶೇಷಣ ಎಷ್ಟಿವೆ ಎಂದು ಗೈಡ್ ಎಣಿಸುತ್ತಾರೆ. ಗೈಡ್‌ಗಿಂತ ಮೇಲಿನ ಸಾಲಿನಲ್ಲಿ ತಾವಿದ್ದೇವೆಯೇ ಎಂದು ಎಚ್‌ಒಡಿ ನೋಡುತ್ತಾರೆ. ಸ್ಟ್ಯಾಟಿಸ್ಟಿಷಿಯನ್ ತಮ್ಮ ಹೆಸರು ಲ್ಯಾಬ್ ಅಟೆಂಡರ್ ಹೆಸರಿನ ಕೆಳಗಿರುವುದನ್ನು ಕಂಡು ನಿಟ್ಟುಸಿರಿಡುತ್ತಾರೆ. ಊರಲ್ಲಿರುವ ಅಪ್ಪ ಅಮ್ಮ ಆ ಪುಟದ ಫೋಟೊ ತರಿಸಿಕೊಂಡು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಗೆ ಓದುಗವರ್ಗ ಮುಗಿಯಿತು.

ಯಾರೂ ಓದದ ಪುಟಗಳು ತೀಸಿಸ್‌ನಲ್ಲಿ ನೂರಿವೆ. ಬರೆದವರೇ ಓದದ ಪುಟವೊಂದು ಮಾತ್ರ ಈಚೆಗೆ ಬಂದು ಸೇರಿಕೊಂಡಿದೆ. ಅದು ಚೆಕ್‌ಲಿಸ್ಟ್. ಎಡಗಡೆ ಪ್ರಶ್ನೆ, ಬಲಗಡೆ ಪುಟಸಂಖ್ಯೆ. ರೋಗಿಗಳನ್ನು ಹೇಗೆ ಆರಿಸಿದಿರಿ? 34. ಎಷ್ಟು ಜನ ಮಧ್ಯದಲ್ಲೇ ಬಿಟ್ಟುಹೋದರು? 41. ಪುಟ 34 ತೆರೆದರೆ ಅಲ್ಲಿ ಒಂದೇ ವಾಕ್ಯ: ‘ರೋಗಿಗಳನ್ನು ನಿಯಮಾನುಸಾರ ಆರಿಸಲಾಯಿತು.’ ಪುಟ 41ರಲ್ಲಿ ಬಣ್ಣಬಣ್ಣದ ಪೈ ಚಾರ್ಟ್ ಇದೆ, ಗಂಡಸರೆಷ್ಟು ಹೆಂಗಸರೆಷ್ಟು ಎಂದು. ಬಿಟ್ಟುಹೋದವರ ಸುದ್ದಿ ಇಲ್ಲ. ಯಾರೂ ಬಿಟ್ಟುಹೋಗಿಲ್ಲವಂತೆ. ಮೂವತ್ತು ಮತ್ತು ಮೂವತ್ತು, ಒಟ್ಟು ಅರವತ್ತು ಜನ ಆರು ತಿಂಗಳು ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು ಹೋಗಿದ್ದಾರೆ. ಸರ್ಕಾರಿ ಆಸ್ಪತ್ರೆಯ ಒಪಿಡಿ ಕ್ಯೂ ನೋಡಿದವರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ. ನಂಜನಗೂಡಿನಿಂದಲೋ ಎಚ್.ಡಿ. ಕೋಟೆಯಿಂದಲೋ ಬಸ್ಸು ಹಿಡಿದು ಬರುವ ಮನುಷ್ಯ ಮೂರನೇ ಸಲಕ್ಕೇ ‘ವಾಸಿಯಾಯ್ತು ಬುಡಿ’ ಅನ್ನುತ್ತಾನೆ. ತೀಸಿಸ್‌ನ ರೋಗಿ ಅಂಥವನಲ್ಲ.

ಮೈಸೂರಿನ ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿಯಲ್ಲಿ ಈ ಪಾರದರ್ಶಕತೆ ತಯಾರಾಗುವುದನ್ನು ಹತ್ತಿರದಿಂದ ನೋಡುವ ಯೋಗ ನನ್ನದಾಯಿತು. ಮೂಲೆಯಲ್ಲಿ ಮೆರೂನ್ ರೆಕ್ಸಿನ್ ಹಾಸಿ ಚಿನ್ನದಕ್ಷರ ಒತ್ತುತ್ತಿದ್ದರು. ಅಂಟಿನ ವಾಸನೆ. ಮೂರು ರಾತ್ರಿ ನಿದ್ದೆಗೆಟ್ಟ ಯುವ ವೈದ್ಯರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಅಂಗಡಿಯಾತ ಮಾನಿಟರ್‌ನಿಂದ ಕಣ್ಣು ತೆಗೆಯದೆ ಕೇಳಿದ:

“ಡಾಕ್ಟ್ರೇ, ಕಡೇಲಿ ಒಂದ್ ಶೀಟ್ ಬರ್ಬೇಕಲ್ಲ. ಸ್ಟ್ರೋಬ್ ಹಾಕ್ಲಾ, ಕನ್ಸಾರ್ಟ್ ಹಾಕ್ಲಾ?”

“ಯಾವ್ದು ಚಿಕ್ದು ಅಣ್ಣಾ?”

“ಸ್ಟ್ರೋಬು. 22 ಐಟಮ್ಮು. ಕನ್ಸಾರ್ಟು ಮೊದ್ಲು 25 ಇತ್ತು, ಈಗ 30 ಮಾಡ್ಬುಟ್ಟವ್ರೆ.”

“ಹಂಗಾದ್ರೆ ಸ್ಟ್ರೋಬೇ ಹಾಕ್ಬಿಡಿ.”

ಆ ತೀಸಿಸ್, ಎರಡು ಔಷಧಗಳನ್ನು ಚೀಟಿ ಎತ್ತಿ ರೋಗಿಗಳಿಗೆ ಹಂಚಿ, ಯಾವುದು ಮೇಲು ಎಂದು ನೋಡಿದ ಪ್ರಯೋಗ. ಅಂಥದ್ದಕ್ಕೆ ಇರುವುದು ಕನ್ಸಾರ್ಟ್. ಸ್ಟ್ರೋಬ್ ಇರುವುದು ಏನೂ ಕೊಡದೆ, ಆಗುವುದನ್ನು ಗಮನಿಸಿ ಬರೆದುಕೊಳ್ಳುವ ಅಧ್ಯಯನಗಳಿಗೆ. ಎಂಟು ಐಟಂ ಉಳಿಸುವ ಸಲುವಾಗಿ ಒಂದು ಕ್ಲಿನಿಕಲ್ ಟ್ರಯಲ್ ನಿಂತ ನಿಲುವಿನಲ್ಲೇ ಜಾತಿ ಬದಲಾಯಿಸಿತು. “ಪೇಜ್ ನಂಬರ್ ನಾನೇ ತುಂಬ್ತೀನಿ, ನೀವ್ ಕಾಫಿ ಕುಡ್ಕೊಂಡ್ ಬನ್ನಿ” ಎಂದು ಆತ ಇನ್ಯಾರದೋ ಹಳೇ ಫೈಲು ತೆರೆದ. ‘ಅಧ್ಯಯನದ ಮಿತಿಗಳು: ಪುಟ 78.’ ಈ ತೀಸಿಸ್ ಮುಗಿಯುವುದು 71ಕ್ಕೆ. ಮಿತಿ ದಾಟಿದ ಸಂಶೋಧನೆ ಎಂದರೆ ಇದೇ.

ಡಿಟಿಪಿಯಾತನನ್ನು ನಾನು ದೂರುವುದಿಲ್ಲ. ಎಷ್ಟು ಐಟಂ ಇವೆ ಎಂದಾದರೂ ಅವನಿಗೆ ಗೊತ್ತಿದೆ. ವೈವಾಕ್ಕೆ ಬರುವ ಪರೀಕ್ಷಕರಿಗೆ ಅಷ್ಟೂ ಗೊತ್ತಿರಬೇಕು ಎಂಬ ನಿಯಮವಿಲ್ಲ.

ಈ ಪಟ್ಟಿಗಳ ಹಿಂದೆ ಒಬ್ಬ ಸಜ್ಜನರ ಸಂಕಟವಿದೆ. ಡಗ್ಲಸ್ ಆಲ್ಟ್‌ಮನ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು 1994ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದು, ವೈದ್ಯಕೀಯ ಸಂಶೋಧನೆಯ ಕಳಪೆತನವನ್ನು ನೇರವಾಗಿ ಹಗರಣ ಎಂದೇ ಕರೆದರು. ಕುತೂಹಲವಿಲ್ಲದವರೂ ನೌಕರಿಗಾಗಿ, ಬಡ್ತಿಗಾಗಿ ಸಂಶೋಧನೆ ಮಾಡಲೇಬೇಕಾದ ವ್ಯವಸ್ಥೆಯೇ ಇದಕ್ಕೆ ಕಾರಣ, ಸಂಶೋಧನೆ ಕಡಿಮೆಯಾಗಲಿ, ಆಗುವುದು ಚೆನ್ನಾಗಿ ಆಗಲಿ ಎಂಬುದು ಅವರ ವಾದ. ಜಗತ್ತು ಅವರ ಮಾತನ್ನು ಅರ್ಧ ಕೇಳಿತು. ಸಂಶೋಧನೆ ಕಡಿಮೆ ಮಾಡುವ ಭಾಗವನ್ನು ಬಿಟ್ಟು, ಚೆನ್ನಾಗಿ ಮಾಡುವ ಭಾಗವನ್ನು ಪಟ್ಟಿ ಮಾಡಿಕೊಂಡಿತು. 1996ರಲ್ಲಿ ಬಂದ ಕನ್ಸಾರ್ಟ್‌ನಲ್ಲಿ 21 ಅಂಶಗಳಿದ್ದವು. 2001ರಲ್ಲಿ 22. 2010ರಲ್ಲಿ 25. 2025ರಲ್ಲಿ 30. ಗಮನಿಸುವ ಅಧ್ಯಯನಕ್ಕೆ ಸ್ಟ್ರೋಬ್, ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡುವುದಕ್ಕೆ ಪ್ರಿಸ್ಮಾ. ಇವನ್ನೆಲ್ಲ ಒಂದೆಡೆ ಜೋಡಿಸಿಟ್ಟಿರುವ ಇಕ್ವೇಟರ್ ಎಂಬ ಜಾಲದಲ್ಲಿ ಇಂಥ ಮಾರ್ಗಸೂಚಿಗಳು 600ಕ್ಕೂ ಹೆಚ್ಚಿವೆ. 2018ರಲ್ಲಿ ತೀರಿಕೊಂಡ ಆಲ್ಟ್‌ಮನ್, ಇಷ್ಟೆಲ್ಲ ಪಟ್ಟಿಗಳಿಂದ ಹಗರಣ ನಿಂತಿದೆ ಎಂದು ನಂಬಿದ್ದರೆಂದು ನನಗನಿಸುವುದಿಲ್ಲ.

ನಮ್ಮಲ್ಲಂತೂ ಆ ಬಡ್ತಿಯ ಮಾತು ಗೆಜೆಟ್‌ನ ಭಾಷೆಯಲ್ಲೇ ಇದೆ. ಪ್ರೊಫೆಸರಾಗಲು ಪೇಪರ್ ಬೇಕು. 2015ರಲ್ಲಿ ಮೆಡಿಕಲ್ ಕೌನ್ಸಿಲ್, ಮೊದಲ ಇಬ್ಬರು ಲೇಖಕರಿಗೆ ಮಾತ್ರ ಲೆಕ್ಕ ಎಂದುಬಿಟ್ಟಿತು. ಅದುವರೆಗೆ ಒಂದು ಪೇಪರಿನಲ್ಲಿ ಅನ್ಯೋನ್ಯವಾಗಿ ಬದುಕಿದ್ದ ಏಳೆಂಟು ಲೇಖಕರ ಡಿಪಾರ್ಟ್‌ಮೆಂಟುಗಳಲ್ಲಿ ಮೂರನೆಯವರು ಎರಡನೆಯವರ ಜೊತೆ ಮಾತು ಬಿಟ್ಟರು. ಆಮೇಲೆ ನಿಯಮ ಬದಲಾಯಿತು, ಮತ್ತೆ ಬದಲಾಯಿತು. ಮಾತು ಬಿಟ್ಟವರು ಮಾತಾಡಿದರೋ ಇಲ್ಲವೋ, ಅದು ಯಾವ ಚೆಕ್‌ಲಿಸ್ಟಿನಲ್ಲೂ ಇಲ್ಲ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ. ಹಾಗಾಗಿ ನಮ್ಮ ಹುಡುಗರು ‘ಅಧಿಕ ರಕ್ತದೊತ್ತಡ’ಕ್ಕೆ ಸಮಾನಾರ್ಥಕ ಪದ ಹುಡುಕುವುದರಲ್ಲಿ ನಿಘಂಟುಕಾರರನ್ನು ಮೀರಿಸುತ್ತಿದ್ದಾರೆ.

ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿಯ ಕತೆಯೂ ಇಂಥದ್ದೇ. ಏನು ಅಳೆಯುತ್ತೇವೆ ಎಂದು ಮೊದಲೇ ಊರಿಗೆ ಹೇಳಿ ಆಮೇಲೆ ಅಳೆಯಬೇಕು ಎಂಬುದು ನೋಂದಣಿಯ ತಿರುಳು. ಇಲ್ಲದಿದ್ದರೆ ರಕ್ತದೊತ್ತಡ ಇಳಿಯದಿದ್ದಾಗ ‘ನಾವು ನೋಡಹೊರಟದ್ದು ನಿದ್ದೆಯನ್ನು’ ಎನ್ನಬಹುದು, ನಿದ್ದೆಯೂ ಬಾರದಿದ್ದರೆ ‘ಮನಸ್ಸಿನ ನೆಮ್ಮದಿಯನ್ನು’. ನಮ್ಮ ದೇಶದ ನೋಂದಣಿ ಕಟ್ಟೆ ಸಿಟಿಆರ್‌ಐ ಶುರುವಾದದ್ದು 2007ರ ಜುಲೈನಲ್ಲಿ. 2009ರ ಜೂನ್ 15ರಿಂದ ಔಷಧ ನಿಯಂತ್ರಕರು ಅದನ್ನು ಕಡ್ಡಾಯ ಮಾಡಿದರು. ಆದರೆ ಪ್ರಯೋಗ ಶುರುವಾದ ಮೇಲೆ, ಅಷ್ಟೇಕೆ, ಮುಗಿದ ಮೇಲೂ ನೋಂದಾಯಿಸಲು ಬಾಗಿಲು ತೆರೆದೇ ಇತ್ತು. ಮದುವೆಯಾಗಿ, ಮಗುವಿನ ನಾಮಕರಣವೂ ಮುಗಿದ ಮೇಲೆ ಲಗ್ನಪತ್ರಿಕೆ ಹಂಚಿದ ಹಾಗೆ. 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಬೇಕು ಎಂದಾಯಿತು. ಆ ದಿನಾಂಕವನ್ನು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೆಂದು ನನ್ನ ಅನುಮಾನ.

ಇದು ಪಾಪದ ಪಿಜಿಗಳ ಕಸುಬು ಮಾತ್ರ ಎಂದುಕೊಳ್ಳಬೇಡಿ. ಆಕ್ಸ್‌ಫರ್ಡ್‌ನ ಬೆನ್ ಗೋಲ್ಡೇಕರ್ ಮತ್ತು ಸಂಗಡಿಗರು ಜಗತ್ತಿನ ಐದು ಅತಿ ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ 67 ಪ್ರಯೋಗಗಳನ್ನು ಹಿಡಿದು, ಮೊದಲು ಏನು ಅಳೆಯುತ್ತೇವೆಂದು ಹೇಳಿದ್ದರು, ಕೊನೆಗೆ ಏನು ಬರೆದರು ಎಂದು ತಾಳೆ ನೋಡಿದರು. ಕುಂದಿಲ್ಲದೆ ಪಾಸಾದವು ಒಂಬತ್ತು. ಹೇಳಿದ್ದ 354 ಫಲಿತಾಂಶಗಳು ಮಾಯ. ಹೇಳದ 357 ಸದ್ದಿಲ್ಲದೆ ಹಾಜರು. ಉಳಿದ 58 ಪ್ರಯೋಗಗಳ ಬಗ್ಗೆ ಪತ್ರಿಕೆಗಳಿಗೆ ಕಾಗದ ಬರೆದರೆ ಅಚ್ಚಾದದ್ದು 23. ಈ ಐದೂ ಪತ್ರಿಕೆಗಳು ಕನ್ಸಾರ್ಟ್‌ಗೆ ಬದ್ಧ ಎಂದು ಘೋಷಿಸಿಕೊಂಡಿದ್ದಂಥವು. ಅಂದರೆ ಲಂಡನ್, ಬಾಸ್ಟನ್‌ಗಳಲ್ಲೂ ಪುಟ 34 ಇದೆ. ಮೈಸೂರಿನವರು ಹೆಮ್ಮೆಪಡಬಹುದು.

ಹೀಗೆ ಸಂಶೋಧನೆಯ ಮೇಲೆ ಸಂಶೋಧನೆ ಮಾಡುವುದು ಈಗ ದೊಡ್ಡದೊಂದು ಶಾಖೆಯೇ ಆಗಿದೆ. ಇಂತಿಷ್ಟು ಪೇಪರುಗಳನ್ನು ಆರಿಸಿ, ಯಾವುದರಲ್ಲಿ ಚೀಟಿ ಎತ್ತಿದ ವಿಧಾನ ಬರೆದಿದ್ದಾರೆ, ಯಾವುದರಲ್ಲಿ ಇಲ್ಲ ಎಂದು ಎಣಿಸಿ, ‘ಪರಿಸ್ಥಿತಿ ಶೋಚನೀಯ’ ಎಂದು ಷರಾ ಬರೆಯುವುದು. ಪೇಪರ್ ಬೇಕಾದವರಿಗೆ ಇದಕ್ಕಿಂತ ವರ ಬೇಕೆ? ರೋಗಿ ಬೇಡ, ರಕ್ತ ಬೇಡ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಬೇಡ. ಪಿಡಿಎಫ್ ವಾಂತಿ ಮಾಡಿಕೊಳ್ಳುವುದಿಲ್ಲ, ಅದರ ಭಾವಮೈದುನ ಬಂದು ವಾರ್ಡಿನಲ್ಲಿ ಗಲಾಟೆ ಮಾಡುವುದಿಲ್ಲ. ಆದರೆ ಆ ಪೇಪರುಗಳನ್ನು ಹೇಗೆ ಆರಿಸಿದಿರಿ? ಯಾವ ಪತ್ರಿಕೆ, ಯಾವ ವರ್ಷ, ಯಾರು ಓದಿದರು, ಇಬ್ಬರು ಓದಿ ಜಗಳವಾದರೆ ಯಾರ ಮಾತು ನಡೆಯಿತು? ಇದನ್ನು ಬರೆಯಬೇಕೆಂದು ಈ ಊರ ಚಾಡಿಕೋರರಿಗೆ ಹೇಳಿದವರಿರಲಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗುಂಪೊಂದು 2020ರ ಸುಮಾರಿಗೆ ಇದನ್ನು ಗಮನಿಸಿ, ಇಂಥ ಅಧ್ಯಯನಗಳಿಗೂ ಒಂದು ಚೆಕ್‌ಲಿಸ್ಟ್ ಮಾಡಹೊರಟಿತು. ಅದಕ್ಕೆ ಮಿಸ್ಟಿಕ್ ಎಂದು ಹೆಸರು. ನಾನಿಟ್ಟದ್ದಲ್ಲ.

ನಗು ಬರುವುದು ಸಹಜ. ಆದರೂ ಅವರ ಪ್ರಶ್ನೆ ಸರಿಯಾಗಿಯೇ ಇದೆ. ‘ಭಾರತದ ಪೇಪರುಗಳು ಕಳಪೆ’ ಎಂದು ಸಾಬೀತು ಮಾಡಲು ನನಗೆ ಅರ್ಧ ದಿನ ಸಾಕು: ಕಳಪೆ ಪತ್ರಿಕೆಗಳನ್ನೇ ಆರಿಸಿಕೊಂಡರಾಯಿತು. ‘ಶ್ರೇಷ್ಠ’ ಎಂದು ಸಾಬೀತು ಮಾಡಲು ಇನ್ನರ್ಧ ದಿನ. ಊರಿನ ಲೆಕ್ಕ ತಪಾಸಣೆ ಮಾಡುವವನು ತನ್ನ ಲೆಕ್ಕ ತೋರಿಸದಿದ್ದರೆ ಅವನನ್ನು ಯಾಕೆ ನಂಬಬೇಕು? ನನಗೆ ತಕರಾರಿರುವುದು ಮುಂದಿನ ಹೆಜ್ಜೆಗೆ. ಈ ಪಟ್ಟಿಯೂ ಒಂದು ದಿನ ಸರಸ್ವತಿಪುರಂಗೆ ಬರುತ್ತದೆ. “ಡಾಕ್ಟ್ರೇ, ಮಿಸ್ಟಿಕ್ ಹಾಕ್ಲಾ?” ಎಂಬ ಪ್ರಶ್ನೆಗೆ “ಎಷ್ಟ್ ಐಟಮ್ಮಣ್ಣಾ?” ಎಂಬ ಉತ್ತರ ಸಿದ್ಧವಿದೆ.

ಬರೆದಿಡದಿದ್ದರೆ ಏನು ಗಂಟು ಹೋಗುತ್ತದೆ ಎನ್ನುವವರು ಮೈಸೂರಿನ ಯೋಗವನ್ನೇ ನೋಡಲಿ. 2022ರ ಜೂನ್ 21ರಂದು ಪ್ರಧಾನಿ ಬಂದು ಅರಮನೆ ಆವರಣದಲ್ಲಿ ಸಾವಿರಾರು ಜನರೊಡನೆ ಯೋಗ ಮಾಡಿದರು. ಅದೇ ವರ್ಷ ಯೋಗದ ಸಂಶೋಧನೆಗೂ ಒಂದು ಚೆಕ್‌ಲಿಸ್ಟ್ ಬಂತು, ಹೆಸರು ಕ್ಲಾರಿಫೈ. ಅದರಲ್ಲಿ ಇರುವುದೂ 21 ಅಂಶ. ಯಾವ ಪದ್ಧತಿ, ಯಾವ ಆಸನ, ಎಷ್ಟು ಹೊತ್ತು, ಕಲಿಸಿದವರು ಎಲ್ಲಿ ಕಲಿತವರು, ಮನೆಯಲ್ಲಿ ಮಾಡಿದರೋ ಇಲ್ಲವೋ, ಯಾರಿಗಾದರೂ ಸೊಂಟ ಹಿಡಿಯಿತೋ ಎಂದೆಲ್ಲ ಹೇಳಿ ಎನ್ನುತ್ತದೆ ಅದು. ನಮ್ಮ ತೀಸಿಸ್‌ಗಳಲ್ಲಿ ಇದಕ್ಕೆಲ್ಲ ಸೇರಿ ಒಂದು ವಾಕ್ಯ: ‘ರೋಗಿಗಳಿಗೆ ಮೂರು ತಿಂಗಳು ಯೋಗ ನೀಡಲಾಯಿತು.’ ಕಷಾಯವೇ, ನೀಡಲು? 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸತೊಡಗಿದರು. ಒಬ್ಬ ಶಿಷ್ಯ ಪಟ್ಟಾಭಿ ಜೋಯಿಸರು ಇಲ್ಲೇ ನಿಂತು, ಲಕ್ಷ್ಮೀಪುರಂನಲ್ಲಿ, ಆಮೇಲೆ ಗೋಕುಲಂನಲ್ಲಿ, ಉಸಿರಿಗೆ ಜೋಡಿಸಿದ ಚಲನೆಗಳ ಅಷ್ಟಾಂಗ ಕಲಿಸಿದರು. ಬೆವರು ನೆಲಕ್ಕೆ ತೊಟ್ಟಿಕ್ಕಬೇಕು. ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಗೆ ಹೋಗಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆ ಇಟ್ಟುಕೊಂಡು ಒಂದೊಂದು ಆಸನದಲ್ಲೂ ದೇಹವನ್ನು ನಿಲ್ಲಿಸಿ ತಿದ್ದಿದರು. ಗುರು ಒಬ್ಬರೇ, ಶಾಲೆ ಒಂದೇ. ಮಂಡಿನೋವಿನ ಅರವತ್ತರ ಅಜ್ಜಿಗೆ ಇವೆರಡರಲ್ಲಿ ಯಾವುದನ್ನು ಮಾಡಿಸಿದಿರಿ ಎಂಬುದರ ಮೇಲೆ ಅಜ್ಜಿಯ ಮಂಡಿಯ ಗತಿ ನಿಂತಿದೆ. ಯೋಗ ‘ನೀಡಿದ’ ವೈದ್ಯರು ಅದನ್ನು ಹೇಳುವುದಿಲ್ಲ. ಚೆಕ್‌ಲಿಸ್ಟ್ ಕೇಳಿದರೆ ಪುಟ 34 ಎನ್ನುತ್ತಾರೆ.

ಇದೇ ಊರಿನಲ್ಲಿ, ಇದಕ್ಕೆಲ್ಲ ತದ್ವಿರುದ್ಧವಾದದ್ದೂ ನಡೆದಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಾರೆ. ಆಗ ಚೆಕ್‌ಲಿಸ್ಟ್ ಇರಲಿಲ್ಲ, ಎಥಿಕ್ಸ್ ಕಮಿಟಿ ಇರಲಿಲ್ಲ, ಬರೆದ ನರ್ಸುಗಳಿಗೆ ಯಾವ ಪೇಪರಿನ ಲೇಖಕಸ್ಥಾನವೂ ಸಿಗುವಂತಿರಲಿಲ್ಲ. ಮೊದಲನೆಯದೂ ಇಲ್ಲ, ಏಳನೆಯದೂ ಇಲ್ಲ. ತೂಗಿದರು, ತೂಗಿದ್ದನ್ನು ಬರೆದರು. ಆರು ದಶಕದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಇಲ್ಲಿಯವರ ಜೊತೆ ಸೇರಿ ಆ ರಿಜಿಸ್ಟರುಗಳನ್ನು ಹಿಡಿದು ಮೈಸೂರಿನ ಮನೆಮನೆ ಹುಡುಕಿತು. ಹುಟ್ಟುವಾಗ ಸಣಕಲಾಗಿದ್ದವರಿಗೆ ಮುಂದೆ ಹೃದ್ರೋಗ ಹೆಚ್ಚೇ ಎಂಬುದು ಪ್ರಶ್ನೆ. ಸಿಕ್ಕ 517 ಗಂಡಸರು ಹೆಂಗಸರನ್ನು ಪರೀಕ್ಷಿಸಿ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದ್ರೋಗ ಶೇ. 11, 3.1 ಕೆಜಿ ಮೀರಿದವರಲ್ಲಿ ಶೇ. 3.

ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಬಂದ ಪಿ ವ್ಯಾಲ್ಯೂ 0.09. ಪಿ ವ್ಯಾಲ್ಯೂ ಗೊತ್ತಿಲ್ಲದವರಿಗೆ ಒಂದು ಮಾತು: ಅದು 0.05ರ ಕೆಳಗಿದ್ದರೆ ತೀಸಿಸ್ ಪಾಸು, ಮೇಲಿದ್ದರೆ ಸ್ಟ್ಯಾಟಿಸ್ಟಿಷಿಯನ್ ಮನೆಗೆ ಇನ್ನೊಂದು ಸಲ ಹಣ್ಣಿನ ಬುಟ್ಟಿ. ಸೌತಾಂಪ್ಟನ್‌ನವರು ಆ 0.09 ಅನ್ನು ಒಳಪುಟದ ಅಡಿಟಿಪ್ಪಣಿಯಲ್ಲಿ ಹೂಳಲಿಲ್ಲ. ಎಲ್ಲರೂ ಓದುವ ಸಾರಾಂಶದಲ್ಲೇ ಅಚ್ಚುಹಾಕಿದರು. ಅದರ ಬೆನ್ನಿಗೇ 45 ದಾಟಿದವರಲ್ಲಿ ಮಾತ್ರ ನೋಡಿದರೆ 0.03 ಎಂದೂ ಬರೆದರು. ಈ 45ರ ಗೆರೆಯನ್ನು ಮೊದಲೇ ಎಳೆದಿದ್ದರೋ, ಅಂಕಿ ನೋಡಿದ ಮೇಲೆ ಎಳೆದರೋ? ಇಂದಿನ ಕಣ್ಣಿಗೆ ಏಳುವ ಮೊದಲ ಪ್ರಶ್ನೆ ಇದು, ಹಾಗೆ ಕೇಳುವುದನ್ನು ನಮಗೆ ಕಲಿಸಿದ್ದೇ ಈ ಪಟ್ಟಿಗಳು. ಅಷ್ಟರಮಟ್ಟಿಗೆ ಆಲ್ಟ್‌ಮನ್ ಪರಂಪರೆಗೆ ನನ್ನದೊಂದು ನಮಸ್ಕಾರ. ಎರಡೂ ಅಂಕಿ ಎದುರಿಗಿರುವುದರಿಂದಲೇ ಈ ಅನುಮಾನ ಸಾಧ್ಯ ಎಂಬುದನ್ನೂ ಮರೆಯಬಾರದು.

ಎರಡು ವರ್ಷದ ನಂತರ ಅದೇ ತಂಡ ಮಧುಮೇಹದ ಬಗ್ಗೆ ಬರೆಯಿತು. ಸಣಕಲಾಗಿ ಹುಟ್ಟಿದವರಿಗೇ ಮುಂದೆ ಮಧುಮೇಹ ಎಂಬುದು ಇಂಗ್ಲೆಂಡಿನಲ್ಲಿ ಬಾರ್ಕರ್ ಕಟ್ಟಿದ ಸಿದ್ಧಾಂತ. ಮೈಸೂರಿನ ರಿಜಿಸ್ಟರು ಬೇರೆಯೇ ಹೇಳಿತು: ಇಲ್ಲಿ ಮಧುಮೇಹ ಹೆಚ್ಚಿದ್ದದ್ದು ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. ಗೈಡ್‌ನ ಸಿದ್ಧಾಂತಕ್ಕೆ ಹೊಂದದ ಫಲಿತಾಂಶ! ಬಾರ್ಕರ್ ಹೆಸರೂ ಲೇಖಕರ ಪಟ್ಟಿಯಲ್ಲಿರುವಂತೆಯೇ ಅದು ಹೊರಬಂತು. ಆ ಮುಜುಗರದಿಂದಲೇ ಮುಂದಿನ ಪ್ರಶ್ನೆಗಳು ಹುಟ್ಟಿದವು. ಆ ಪೇಪರ್ ಅಚ್ಚಾಗುವ ಮುಂಚೆಯೇ, 1997ರಲ್ಲಿ, ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರ ಸಕ್ಕರೆ ಅಳೆದು, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಪಾರ್ಥೆನಾನ್ ಅಧ್ಯಯನ ಶುರುವಾಯಿತು.

ಆ 1996ರ ಪೇಪರನ್ನು ಮೆರೂನ್ ರೆಕ್ಸಿನ್ ಹೊದಿಸಿ ನಮ್ಮ ವೈವಾಕ್ಕೆ ತಂದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಮೇಜಿನ ಮೇಲೆ ಗೋಡಂಬಿ, ಮೈಸೂರ್ ಪಾಕು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತಾರೆ.

“ಏನಮ್ಮಾ ಇದು, 0.09? ಸಿಗ್ನಿಫಿಕೆಂಟೇ ಇಲ್ವಲ್ಲ?”

“ಬಂದದ್ದು ಅಷ್ಟೇ ಸರ್.”

“ಬಂದದ್ದು ಅಷ್ಟೇ ಅಂದ್ರೆ? ಗೈಡ್ ಏನ್ಮಾಡ್ತಿದ್ರು? 517 ಯಾಕೆ, 500 ಮಾಡ್ಕೊಂಡಿದ್ರೆ ಪರ್ಸೆಂಟೇಜ್‌ಗೆ ಸಲೀಸಾಗಿರ್ತಿತ್ತಲ್ಲ?”

“ಸಿಕ್ಕವರು ಅಷ್ಟು ಜನ ಸರ್. ಊರು ಬಿಟ್ಟವರಿದ್ದಾರೆ, ತೀರಿಹೋದವರಿದ್ದಾರೆ…”

“ಅದೆಲ್ಲ ಯಾಕೆ ಬರೀತೀರಾ! ಇದ್ದವರ ವಿಷಯ ಬರೀರಿ. ಚೆಕ್‌ಲಿಸ್ಟ್ ಎಲ್ಲಿ?”

“ಇಲ್ಲ ಸರ್.”

“ಮಾಸ್ಟರ್ ಚಾರ್ಟ್?”

“ಮಿಷನ್ ಆಸ್ಪತ್ರೆಯ ರಿಜಿಸ್ಟರಿದೆ ಸರ್. 1934ರಿಂದ.”

“ಅದನ್ನ ಎಕ್ಸೆಲ್ಲಿಗೆ ಹಾಕಿ, ಡೆಸಿಮಲ್ ಸರಿಮಾಡಿ, ಹೊಸದಾಗಿ ಬೈಂಡ್ ಮಾಡ್ಸಿ ತನ್ನಿ.”

ಚೆಕ್‌ಲಿಸ್ಟುಗಳಿಗೆ ಐಟಂ ಸೇರಿಸುತ್ತಲೇ ಇರುವವರಿಗೆ ಮೈಸೂರಿನಿಂದ ನನ್ನದೂ ಒಂದು ಸಲಹೆ ಇರಲಿ. 31ನೆಯ ಸಾಲು: ‘ನಿಮ್ಮ ಗೈಡ್‌ಗೆ ಇಷ್ಟವಾಗದ ಯಾವ ಫಲಿತಾಂಶ ಬಂತು? ಅದು ಯಾವ ಪುಟದಲ್ಲಿದೆ?’ ಇದಕ್ಕೆ ಪುಟ 34 ಎಂದು ಬರೆದರೆ ಗೈಡ್ ಸಹಿ ಹಾಕುವುದಿಲ್ಲ, ಬರೆಯದಿದ್ದರೆ ಫಾರಂ ಅಪೂರ್ಣ. ನಮ್ಮ ಹುಡುಗರು ದಾರಿ ಕಾಣದೆ ನಿಲ್ಲುತ್ತಾರೆಂದು ನನಗೆ ಭಯವಿಲ್ಲ. ಬಲಗಡೆಯ ಚೌಕದಲ್ಲಿ ಅಂಗಡಿಯಾತ ಹಳೇ ಫೈಲಿನಿಂದ ಕಾಪಿ ಮಾಡಿ ತುಂಬಿಬಿಡುತ್ತಾನೆ: ಅನ್ವಯಿಸುವುದಿಲ್ಲ.